ವಿದ್ಯೆಯ ಮೂರನೆಯ ಪಾದ

ವಿದ್ಯೆಗೆ ನಾಲ್ಕು ಪಾದಗಳೆಂಬುದು ಸಂಸ್ಕೃತ ಪಾಠಶಾಲೆಗಳಲ್ಲಿ ಬಾಯಿಂದ ಬಾಯಿಗೆ ಬಂದಿರುವ ಹಿರಿಯರ ಮಾತು. ಅವುಗಳಲ್ಲಿ ಒಂದು ಆಚಾರ್ಯನಿಂದ ಬರತಕ್ಕದ್ದು. ಎರಡನೆಯದು ಶಿಷ್ಯನ ಸ್ವಂತ ಬುದ್ಧಿಯಿಂದ. ಮೂರನೆಯದು ಒಡನೆ ಓದುವವರಿಂದ. ನಾಲ್ಕನೆಯದನ್ನು ಕಾಲವೇ ತಂದುಕೊಡಬೇಕು. ಈ ಲೆಕ್ಕದಲ್ಲಿ ಶಾಲೆಯೆಂಬ ಕಟ್ಟಡದ ಪ್ರಸ್ತಾಪವೇ ಇಲ್ಲದಿರುವುದು ಗಮನಿಸತಕ್ಕ ವಿಷಯ. ಗಂಟೆ, ತರಗತಿ, ಪರೀಕ್ಷೆ, ಅಂಕಪಟ್ಟಿ ಇವುಗಳಿಗೆ ಅದರಲ್ಲಿ ಬಿಡಿಕಾಸಿನ ಪಾಲೂ ಇಲ್ಲ. ಹೀಗಿರಲು, ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೂ ಲೋಕದಲ್ಲಿಯೂ ಅವರವರ ಇಚ್ಛೆಯಂತೆ ಕಲಿಯಬಿಡಬೇಕೆಂಬ ವಾದವು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಕೇಳಿಬರುತ್ತಿರುವಾಗ, ಅದನ್ನು ಹೊಸ ಹುಚ್ಚೆಂದು ತಳ್ಳಿಬಿಡುವುದು ನ್ಯಾಯವಾಗಲಾರದು. ‘ಅನ್‌ಸ್ಕೂಲಿಂಗ್’ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿರುವ ಈ ಪದ್ಧತಿಯನ್ನು ‘ಶಾಲೆಯಿಲ್ಲದ ಕಲಿಕೆ’ ಎಂದು ಕರೆಯಬಹುದು. ಅದನ್ನು ಪ್ರತಿಪಾದಿಸುವ ಗ್ರಂಥಗಳ ಮಾತೇನು, ಕಪಿಲಾ ನದಿಯ ದಡದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಎಂಬ ಎರಡು ಊರುಗಳ ಅನುಭವದ ಒರೆಗಲ್ಲಿನ ಮೇಲೆ ಆ ಮಾತಿನ ಬೆಲೆಯೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಬೇಕು. ಪಾದ್ರಿಯಾಗಿದ್ದು ಆ ವೃತ್ತಿಯಿಂದ ಹೊರಬಂದ ಇವಾನ್ ಇಲಿಚ್ 1971ರಲ್ಲಿ ‘ಡೀಸ್ಕೂಲಿಂಗ್ ಸೊಸೈಟಿ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಶಾಲೆಯು ವಿದ್ಯೆಯನ್ನು ಹಂಚುವುದಕ್ಕಿಂತ ಹೆಚ್ಚಾಗಿ ಒಂದು ಭ್ರಾಂತಿಯನ್ನು ಹಂಚುತ್ತದೆ ಎಂಬುದು ಅವರ ಆಕ್ಷೇಪ. ಪ್ರಮಾಣಪತ್ರವುಳ್ಳವನೇ ಬಲ್ಲವನು, ಅದಿಲ್ಲದವನು ಏನೂ ಅರಿಯದವನು ಎಂಬ ನಂಬಿಕೆ ಒಮ್ಮೆ ಬೇರೂರಿತೆಂದರೆ, ಶಾಲೆಯಲ್ಲಿ ಸೋತ ಬಡವನು ತನ್ನ ಸೋಲಿಗೆ ತಾನೇ ಕಾರಣನೆಂದು ಒಪ್ಪಿಕೊಂಡು ಸುಮ್ಮನಾಗುತ್ತಾನೆ. ಅಮೆರಿಕದ ಜಾನ್ ಹೋಲ್ಟ್ ಸ್ವತಃ ಉಪಾಧ್ಯಾಯರಾಗಿದ್ದವರು. ಅವರು 1964ರಲ್ಲಿ ಬರೆದ ‘ಹೌ ಚಿಲ್ಡ್ರನ್ ಫೇಲ್’ ಎಂಬ ಪುಸ್ತಕ ತರಗತಿಯೊಳಗೆ ಕುಳಿತು ಮಕ್ಕಳ ಮುಖವನ್ನು ನೋಡಿ ಬರೆದದ್ದು. ಮಕ್ಕಳು ವಿಷಯವನ್ನು ಕುರಿತು ಯೋಚಿಸುವುದಿಲ್ಲ. ಮೇಷ್ಟರು ಬಯಸುವ ಉತ್ತರ ಯಾವುದೆಂದು ಭಯದಿಂದ ಊಹಿಸುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ಶಾಲೆಯನ್ನು ತಿದ್ದಬಹುದೆಂದು ಹೊರಟ ಆ ಮಹಾಶಯರು ಕೊನೆಗೆ ಮಕ್ಕಳನ್ನು ಅದರಿಂದ ಬಿಡಿಸುವುದೇ ಲೇಸೆಂಬ ನಿರ್ಣಯಕ್ಕೆ ಬಂದರು. ಇವರಿಬ್ಬರಿಗಿಂತ ಬಹಳ ಮೊದಲೇ, 1918ರಲ್ಲಿ, ರವೀಂದ್ರನಾಥ ಠಾಕೂರರು ಒಂದು ಗಿಣಿಯ ಕಥೆಯನ್ನು ಬರೆದಿದ್ದರು. ರಾಜನ ಅಪ್ಪಣೆಯಂತೆ ಗಿಣಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಸಿದ್ಧವಾಗುತ್ತದೆ, ಪುಸ್ತಕಗಳ ರಾಶಿ ಬೀಳುತ್ತದೆ, ಎಲ್ಲರ ಜೇಬೂ ತುಂಬುತ್ತದೆ. ಗಿಣಿಯೊಂದು ಮಾತ್ರ ಸಾಯುತ್ತದೆ.

ಈ ಆಕ್ಷೇಪಗಳಲ್ಲಿ ಸತ್ಯವಿಲ್ಲವೆಂದು ಪ್ರಾಮಾಣಿಕನಾದ ಯಾವ ಉಪಾಧ್ಯಾಯನೂ ಹೇಳಲಾರನು. ನಾಲ್ಕು ಪಾದಗಳ ಲೆಕ್ಕದಿಂದ ನೋಡಿದರೆ, ಇಂದಿನ ಶಾಲೆಯಲ್ಲಿ ಎರಡು ಪಾದಗಳಿಗೆ ಕುಂದು ಬಂದಿರುವುದು ಸ್ಪಷ್ಟ. ಸ್ವಬುದ್ಧಿಗೆ ಅಲ್ಲಿ ಎಡೆಯಿಲ್ಲ. ಉತ್ತರವು ಮೊದಲೇ ಅಚ್ಚಾಗಿ ಬಂದಿರುತ್ತದೆ. ಕಾಲಕ್ಕೂ ಎಡೆಯಿಲ್ಲ, ಒಂದೇ ವಯಸ್ಸಿನ ನಲವತ್ತು ಮಕ್ಕಳು ಒಂದೇ ದಿನ ಒಂದೇ ಪುಟವನ್ನು ತಿರುವಬೇಕು. ಬೇಗ ಅರಿತವನು ಬೇಸರದಿಂದ ಕೂರುತ್ತಾನೆ, ತಡವಾಗಿ ಅರಿಯತಕ್ಕವನು ದಡ್ಡನೆನಿಸಿಕೊಳ್ಳುತ್ತಾನೆ. ಮಾವಿನ ಮರಕ್ಕೂ ಬಾಳೆಗೂ ಒಂದೇ ತಿಂಗಳಲ್ಲಿ ಫಲ ಕೊಡಬೇಕೆಂದು ವಿಧಿಸಿದರೆ ತೋಟಗಾರನನ್ನು ನೋಡಿ ಜನ ನಗುತ್ತಾರೆ. ಶಾಲೆಯಲ್ಲಿ ಅದೇ ವಿಧಿ ನಡೆದಾಗ ಯಾರೂ ನಗುವುದಿಲ್ಲ.

ಆದರೆ ಆಕ್ಷೇಪವು ನಿಜವಾದ ಮಾತ್ರಕ್ಕೆ ಪರಿಹಾರವೂ ನಿಜವಾಗಬೇಕೆಂಬ ನಿಯಮವಿಲ್ಲ. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಜಾಣತನವಲ್ಲವೆಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಶಾಲೆಯಿಲ್ಲದೆ ನಿಜವಾಗಿ ಕಲಿತವರು ಹೇಗೆ ಕಲಿತರು, ಅವರಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂದು ಕೇಳಿದಾಗಲೇ ಸಿದ್ಧಾಂತಕ್ಕೆ ಹಾದಿಯಾಗುತ್ತದೆ. ಅಂತಹ ಸಾಕ್ಷಿಗಳನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಮೊದಲನೆಯ ಸಾಕ್ಷಿ ನಂಜನಗೂಡು ತಿರುಮಲಾಂಬಾ ಅವರು. ಅವರು ಜನಿಸಿದ್ದು 1887ರಲ್ಲಿ, ನಂಜನಗೂಡಿನಲ್ಲಿ ವಕೀಲರಾಗಿದ್ದ ವೆಂಕಟಕೃಷ್ಣ ಅಯ್ಯಂಗಾರ್ಯರ ಮನೆಯಲ್ಲಿ. ಅಲ್ಲಿಂದ ಸುಮಾರು 24 ಕಿಲೋಮೀಟರು ದೂರದ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ, ಮುಂದೆ ಮಹಾರಾಣಿಯವರ ಹೆಸರಿನಿಂದ ಪ್ರಸಿದ್ಧವಾದದ್ದು, 1881ರಲ್ಲಿಯೇ ತೆರೆದಿತ್ತು. ಆದರೆ ಶಾಲೆ ತೆರೆದ ಮಾತ್ರಕ್ಕೆ ಎಲ್ಲ ಮನೆಯ ಬಾಗಿಲುಗಳೂ ತೆರೆಯಲಿಲ್ಲ. ಆ ಕಾಲದ ರೂಢಿಯಂತೆ ಬಾಲಕಿಗೆ ಹತ್ತರ ಸುಮಾರಿನಲ್ಲಿ ವಿವಾಹವಾಯಿತು. ಹದಿನಾಲ್ಕರ ಸುಮಾರಿನಲ್ಲಿ ವೈಧವ್ಯ ಬಂದೊದಗಿತು. ತಂದೆ ಉದಾರಹೃದಯರಾದುದರಿಂದ ಮಗಳಿಗೆ ಮನೆಯಲ್ಲಿಯೇ ವ್ಯಾಸಂಗಕ್ಕೆ ಅನುಕೂಲ ದೊರೆಯಿತು. ಕನ್ನಡದೊಡನೆ ತಮಿಳು ತೆಲುಗುಗಳನ್ನೂ ಅವರು ಅಭ್ಯಾಸಮಾಡಿದರು. ಹೀಗೆ ಶಾಲೆಯ ಮೆಟ್ಟಿಲು ಹತ್ತದೆ ಬೆಳೆದ ಈ ಮಹಿಳೆ 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ ಎಂಬ ತಮ್ಮ ಕಾದಂಬರಿಯನ್ನು ಅದರಲ್ಲಿ ಹೊರತಂದರು. ಅದು ಮರುಮುದ್ರಣಗಳನ್ನು ಕಂಡಿತು. 1917ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯೂ ಹೊರಟಿತು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಸಾಹಿತ್ಯ ಚರಿತ್ರೆ ಇಂದು ಅವರನ್ನು ಗೌರವಿಸುತ್ತದೆ. ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ಮಾಡಿ, ಆಯ್ದ ಸ್ಥಳಗಳಲ್ಲಿ ಶಾಲೆಯನ್ನು ಕಡ್ಡಾಯಗೊಳಿಸಲು ಹೊರಟದ್ದು ಅದೇ 1913ರಲ್ಲಿ ಎಂಬುದು ಯೋಚಿಸತಕ್ಕ ಕಾಕತಾಳೀಯ.

ಶಾಲೆಯಿಲ್ಲದ ಕಲಿಕೆಯ ಪಕ್ಷದವರು ಈ ಉದಾಹರಣೆಯನ್ನು ಕಂಡರೆ ಹಿಗ್ಗಬಹುದು. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ತಿರುಮಲಾಂಬಾ ಅವರು ಶಾಲೆಯನ್ನು ಬಿಟ್ಟವರಲ್ಲ. ರೂಢಿಯು ಅವರಿಗೆ ಶಾಲೆಯನ್ನು ಮುಚ್ಚಿತ್ತು. ಬಿಡುಗಡೆಯೂ ಬಹಿಷ್ಕಾರವೂ ಹೊರಗಿನಿಂದ ನೋಡುವವನಿಗೆ ಒಂದೇ ತೆರನಾಗಿ ಕಾಣುತ್ತವೆ: ಎರಡರಲ್ಲಿಯೂ ಮಗು ಮನೆಯಲ್ಲಿರುತ್ತದೆ. ಒಳಗಿನ ವ್ಯತ್ಯಾಸವಾದರೋ ಆಕಾಶ ಪಾತಾಳದಷ್ಟು. ಅವರಿಗೆ ಆಚಾರ್ಯಸ್ಥಾನದಲ್ಲಿ ತಂದೆಯಿದ್ದರು; ಸ್ವಬುದ್ಧಿ ಧಾರಾಳವಾಗಿತ್ತು; ಕಾಲವಂತೂ ವಿಧಿಯೇ ಬೇಕಾದಷ್ಟು ಕೊಟ್ಟಿತ್ತು. ಕೊರತೆಯಾದದ್ದು ಮೂರನೆಯ ಪಾದ. ಸರಿಸಮರಾಗಿ ಒಡನೆ ಕುಳಿತು ಓದುವವರು, ತಪ್ಪನ್ನು ನಗುತ್ತ ತೋರಿಸುವವರು, ಬರೆದುದನ್ನು ಕೇಳಿ ವಾದಿಸುವವರು ಆ ಮನೆಯ ನಡುಮನೆಯಲ್ಲಿ ಇರಲಿಲ್ಲ.

ಈ ಕೊರತೆಯ ಗುರುತು ಬರೆವಣಿಗೆಯಲ್ಲಿಯೂ ಕಾಣುತ್ತದೆ. ಗ್ರಂಥಮಾಲೆಯ ಹೆಸರೇ ಹೇಳುವಂತೆ, ಅವರ ಕಾದಂಬರಿಗಳು ಹಿತೋಪದೇಶದ ಕೃತಿಗಳು. ಸದ್ಗುಣಕ್ಕೆ ಜಯ, ದುರ್ಗುಣಕ್ಕೆ ಪಶ್ಚಾತ್ತಾಪ, ಸ್ತ್ರೀಧರ್ಮದ ಪ್ರಶಂಸೆ ಇವುಗಳಿಂದ ಅವು ನಡೆಯುತ್ತವೆ. ಕಲಿಸಬೇಕೆಂಬ ಕಾತರ ಎಷ್ಟು ಬಲವಾಗಿದೆಯೆಂದರೆ ಕಥೆಯು ಆಗಾಗ ಪಾಠವಾಗಿಬಿಡುತ್ತದೆ. ಸಮಾನರೊಡನೆ ಮಾತನಾಡಿ ಅಭ್ಯಾಸವಿಲ್ಲದ ದನಿ ಉಪದೇಶದ ದನಿಯಾಗುವುದು ಸಹಜ. ಇದನ್ನು ದೋಷವೆಂದು ಎಣಿಸುವ ವಿಮರ್ಶಕನು ಆ ದೋಷದ ಮೂಲವನ್ನೂ ಎಣಿಸಬೇಕು. ಹಾಗೆ ಎಣಿಸಿದಾಗ ಅವರ ಸಾಧನೆ ದೊಡ್ಡದಾಗಿ ತೋರುತ್ತದೆಯೇ ಹೊರತು ಕಿರಿದಾಗುವುದಿಲ್ಲ. ತಮಗೆ ದೊರೆಯದ ಒಡನಾಡಿಗಳನ್ನು ಅವರು ತಾವೇ ನಿರ್ಮಿಸಲು ಹೊರಟರು. ನೆರೆಹೊರೆಯ ಹೆಣ್ಣುಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿದರು. ಕಾಣದ ಊರುಗಳ, ಕಾಣದ ಮನೆಗಳ ಓದುಗಿತ್ತಿಯರನ್ನು ಪತ್ರಿಕೆಯ ಮೂಲಕ ಒಂದು ಜಗಲಿಗೆ ಕರೆದರು. ‘ಕರ್ನಾಟಕ ನಂದಿನಿ’ಯನ್ನು ಕೇವಲ ಒಂದು ಮಾಸಪತ್ರಿಕೆಯೆಂದು ತಿಳಿಯದೆ, ಶಾಲೆಗೆ ಹೋಗಲಾರದವರ ಸಹಾಧ್ಯಾಯವೆಂದು ತಿಳಿಯುವುದು ಯುಕ್ತ.

ಆ ಪತ್ರಿಕೆ ಬಹುಕಾಲ ಬಾಳಲಿಲ್ಲ. ಲೇಖಕಿಯೂ ಕ್ರಮೇಣ ಬರೆವಣಿಗೆಯಿಂದ ದೂರವಾದರು. ಮಾಸ್ತಿಯವರ ಕಟುವಾದ ವಿಮರ್ಶೆಯೂ ಅದಕ್ಕೆ ಒಂದು ಕಾರಣವೆಂದು ಸ್ತ್ರೀಸಾಹಿತ್ಯದ ಚರಿತ್ರೆಯನ್ನು ಬರೆದವರು ಹೇಳುವುದುಂಟು. ವಿಮರ್ಶಕನು ತನಗೆ ತೋರಿದುದನ್ನು ಹೇಳಿದುದರಲ್ಲಿ ತಪ್ಪಿಲ್ಲ. ಆದರೆ ಒಬ್ಬರ ವಿಮರ್ಶೆಗೆ ಎದುರಾಗಿ ಸಮಾಧಾನ ಹೇಳಲು, ಇನ್ನೊಂದು ಅಭಿಪ್ರಾಯ ಕೊಡಲು, ಮುಂದಿನ ಹಸ್ತಪ್ರತಿಯನ್ನು ಕೇಳಿ ತಿದ್ದಲು ಒಂದು ಗೆಳೆಯರ ಬಳಗವಿರಬೇಕು. ಆ ಕಾಲದ ಪುರುಷ ಲೇಖಕರಿಗೆ ಕಾಲೇಜೂ ಸಂಘವೂ ಪರಿಷತ್ತೂ ಅಂತಹ ಬಳಗವನ್ನು ಒದಗಿಸಿದ್ದವು. ಅವರಿಗೆ ಅದಿರಲಿಲ್ಲ. ಅವರು 1982ರವರೆಗೆ ಬದುಕಿದ್ದರು. ಅವರ ಹೆಸರು ಮಾತ್ರ ದಶಕಗಳ ಕಾಲ ಮರೆಯಲ್ಲಿತ್ತು. ಅದನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಚಿ. ನ. ಮಂಗಳಾ ಅವರು ಮುಖ್ಯರು.

ಎರಡನೆಯ ಸಾಕ್ಷಿಗಾಗಿ ನದಿಯೊಡನೆ ಕೆಳಕ್ಕೆ ಇಳಿದು, ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲಿಗೆ ಬರಬೇಕು. ಪಿಟೀಲು ಚೌಡಯ್ಯನವರೆಂದು ನಾಡೆಲ್ಲ ಬಲ್ಲ ಟಿ. ಚೌಡಯ್ಯನವರು ಇಲ್ಲಿ ಜನಿಸಿದರು. ಅವರ ಹೆಸರಿನ ಮೊದಲಕ್ಷರ ಈ ಊರಿನದೇ. ಅವರಿಗೆ ಕೀರ್ತಿಯನ್ನು ತಂದ ವಿದ್ಯೆ ಶಾಲೆಯದಲ್ಲ. 1910ರಿಂದ 1918ರವರೆಗೆ ಮೈಸೂರಿನಲ್ಲಿ ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರ ಬಳಿ ಇದ್ದು ಅವರು ಅದನ್ನು ಸಂಪಾದಿಸಿದರು. ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ದೊಡ್ಡ ಸಭೆಯ ಹಿಂದಿನ ಸಾಲಿನವರಿಗೂ ನಾದವು ಮುಟ್ಟಬೇಕೆಂದು, 1927ರ ಸುಮಾರಿನಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ವಾದ್ಯವನ್ನು ಸಿದ್ಧಪಡಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು.

ಇಲ್ಲಿ ನಾಲ್ಕು ಪಾದಗಳೂ ಸೇರಿದುದನ್ನು ನೋಡಬೇಕು. ಆಚಾರ್ಯರು ಕಠಿನರೂ ಸಮರ್ಥರೂ ಆಗಿದ್ದರು. ಎಂಟು ವರ್ಷಗಳ ಕಾಲ ದೊರೆಯಿತು. ಸ್ವಬುದ್ಧಿಗೆ ಏಳು ತಂತಿಗಳೇ ಸಾಕ್ಷಿ. ಮೂರನೆಯ ಪಾದವಂತೂ ಅವರ ಕಲೆಯ ಸ್ವಭಾವದಲ್ಲಿಯೇ ಇತ್ತು. ಪಕ್ಕವಾದ್ಯದವನು ಒಂಟಿಯಾಗಿ ಕಲಿಯಲಾರನು. ಗಾಯಕನು ಹಾಡಿದ ಸಂಗತಿಯನ್ನು ಆ ಕ್ಷಣವೇ ಗ್ರಹಿಸಿ, ಅದನ್ನು ನುಡಿಸಿ, ತನ್ನದನ್ನು ಸೇರಿಸಿ, ಮತ್ತೆ ಅವನಿಗೆ ಎಡೆಗೊಡಬೇಕು. ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದವರೊಡನೆ ಅವರು ನುಡಿಸಿದ ಒಂದೊಂದು ಕಛೇರಿಯೂ ಸಹಪಾಠವೇ ಆಗಿತ್ತು. ಇದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವೂ ಇದೇ ಮಾತನ್ನು ಹೇಳುತ್ತದೆ. 13ನೆಯ ಶತಮಾನದ ಆ ಕಟ್ಟಡದ ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಹೆಸರು ಎಷ್ಟೋ ಕಡೆ ಕೆತ್ತಿದೆ. ಅವನೊಬ್ಬನದೇ ಅಲ್ಲ, ಮಸಣಿತಮ್ಮ, ಚಾಮೆಯ, ರಾಮೆಯ ಮೊದಲಾದವರ ಹೆಸರುಗಳೂ ಇವೆ. ಒಂದು ಗೋಡೆಯ ಮೇಲೆ ಹಲವು ಉಳಿಗಳು ಒಟ್ಟಾಗಿ ನಡೆದುದರ ಗುರುತು ಅದು.

ಗುರುಕುಲದ ಈ ಹೊಗಳಿಕೆಗೆ ಒಂದು ಮಿತಿಯನ್ನೂ ಹೇಳಿಬಿಡಬೇಕು. ಹಳೆಯ ಗುರುಕುಲವಾಗಲಿ, ವೇದ ಶಾಸ್ತ್ರಗಳ ಪಾಠಶಾಲೆಯಾಗಲಿ, ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ. ಜಾತಿಯಿಂದಲೂ ಲಿಂಗದಿಂದಲೂ ಹೊರಗೆ ನಿಂತವರೇ ಬಹುಮಂದಿ. ಅವರಿಗೆ ಅಕ್ಷರದ ಹಕ್ಕನ್ನು, ಅನೇಕ ಅವಮಾನಗಳೊಡನೆಯೇ ಆಗಲಿ, ಮೊದಲು ಕೊಟ್ಟದ್ದು ಸರಕಾರದ ಸಾಮಾನ್ಯ ಶಾಲೆ. ಅದನ್ನು ಕಳಪೆಯೆಂದು ಹೀಯಾಳಿಸುವಾಗ ಇದನ್ನು ನೆನಪಿನಲ್ಲಿಡುವುದು ಕೃತಜ್ಞತೆಯ ಮಾತಲ್ಲ, ಸತ್ಯದ ಮಾತು.

ಈಗ ಗ್ರಂಥಗಳ ಕಡೆಗೆ ಮರಳಿದರೆ ಒಂದು ವಿಶೇಷ ತೋರುತ್ತದೆ. ಶಾಲೆಯನ್ನು ನಿರಾಕರಿಸಿದವರು ಯಾರೂ ಒಡನಾಟವನ್ನು ನಿರಾಕರಿಸಲಿಲ್ಲ. ಇಲಿಚ್‌ರವರು ಶಾಲೆಗೆ ಬದಲಾಗಿ ಸೂಚಿಸಿದ ನಾಲ್ಕು ಜಾಲಗಳಲ್ಲಿ, ಒಂದೇ ವಿಷಯದಲ್ಲಿ ಆಸಕ್ತರಾದವರನ್ನು ಕೂಡಿಸುವುದೂ ಒಂದು. ಹೋಲ್ಟ್‌ರವರು 1977ರಲ್ಲಿ ‘ಗ್ರೋಯಿಂಗ್ ವಿಥೌಟ್ ಸ್ಕೂಲಿಂಗ್’ ಎಂಬ ಪತ್ರಿಕೆಯನ್ನು ಆರಂಭಿಸಿ, ಚದುರಿಹೋಗಿದ್ದ ಮನೆಗಳನ್ನು ಪತ್ರಗಳ ಮೂಲಕ ಬೆಸೆದರು. ಅರುವತ್ತು ವರ್ಷಗಳ ಹಿಂದೆ ತಿರುಮಲಾಂಬಾ ಅವರು ಹಿಡಿದದ್ದೂ ಅದೇ ಸಾಧನವನ್ನು. ಶಾಲೆಯಿಂದ ಓಡಿದ ಠಾಕೂರರು 1901ರಲ್ಲಿ ಶಾಂತಿನಿಕೇತನದ ಮರದಡಿಯಲ್ಲಿ ಮಕ್ಕಳನ್ನು ಕಲೆಹಾಕಿದರು. ಅಸಹಕಾರದ ಕಾಲದಲ್ಲಿ ಕಾಲೇಜನ್ನು ಬಿಟ್ಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿದರು. ಗುರುವಿನ ಮನೆಯಲ್ಲಿ ಕಲಿತ ಚೌಡಯ್ಯನವರು ಮೈಸೂರಿನಲ್ಲಿ ಸಂಗೀತದ ಕಾಲೇಜನ್ನು ತೆರೆದರು. ಇವರೆಲ್ಲರೂ ಪಂಜರವನ್ನು ಒಡೆದವರು, ಆದರೆ ಹಕ್ಕಿಯನ್ನು ಒಂಟಿಯಾಗಿ ಬಿಟ್ಟವರಲ್ಲ. ಅನ್‌ಸ್ಕೂಲಿಂಗಿನ ಹೊಸ ಉತ್ಸಾಹಿಗಳು ಈ ಗ್ರಂಥಗಳ ಮೊದಲರ್ಧವನ್ನು ಓದಿ, ಎರಡನೆಯ ಅರ್ಧವನ್ನು ಮಡಿಸಿಟ್ಟಂತೆ ತೋರುತ್ತದೆ.

ಮೂರನೆಯ ಪಾದವಿಲ್ಲದೆ ಹೋದರೆ ಏನಾಗುವುದೆಂಬುದನ್ನು 2020ನೆಯ ಇಸವಿ ಎಲ್ಲರಿಗೂ ತೋರಿಸಿತು. ಆ ವರ್ಷದ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಶಾಲೆಗಳು ಮುಚ್ಚಿದುವು. ಕೈಪೆಟ್ಟಿಗೆಯಷ್ಟು ಗಾತ್ರದ ಯಂತ್ರದಲ್ಲಿ ಆಚಾರ್ಯನ ಮುಖವು ಕೆಲವು ಮನೆಗಳಲ್ಲಿ ಕಾಣಿಸಿತು. ಯಂತ್ರವಿಲ್ಲದ ಮನೆಗಳಲ್ಲಿ ಅದೂ ಇಲ್ಲ. ಯಂತ್ರವಿದ್ದ ಮಕ್ಕಳೂ ಮಂಕಾದರು, ಏಕೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗಸ್ಟಿನಲ್ಲಿ ಕರ್ನಾಟಕ ಸರಕಾರವು ‘ವಿದ್ಯಾಗಮ’ವೆಂಬ ಯೋಜನೆಯನ್ನು ತಂದಾಗ, ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋಗಿ, ಗುಡಿಯ ಜಗಲಿಯಲ್ಲಿ, ಅರಳಿಮರದ ಕಟ್ಟೆಯಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ರೋಗಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆ ಕೆಲವು ವಾರಗಳಲ್ಲಿ ಕಂಡದ್ದು ಕಟ್ಟಡವಿಲ್ಲದ ಶಾಲೆ. ಕಟ್ಟಡ ಬೇಡವೆಂಬ ಮಾತು ಅಲ್ಲಿ ನಿಜವಾಯಿತು. ಒಡನಾಡಿ ಬೇಕೆಂಬ ಮಾತೂ ನಿಜವಾಯಿತು.

ಹಾಗಾದರೆ ಇಂದಿನ ಶಾಲೆಯಲ್ಲಿ ಮೂರನೆಯ ಪಾದವಿದೆಯೆ? ದೇಹವಿದೆ, ಪ್ರಾಣವಿಲ್ಲವೆನ್ನಬೇಕಾಗಿದೆ. ನಲವತ್ತು ಮಕ್ಕಳನ್ನು ಒಂದು ಕೊಠಡಿಯಲ್ಲಿ ಕೂರಿಸಿ, ಮಾತನಾಡಬೇಡಿರೆಂದು ಆಜ್ಞಾಪಿಸುವುದು ಊಟದ ಪಂಕ್ತಿಯಲ್ಲಿ ಕೂರಿಸಿ ಎಲೆಯನ್ನು ಮುಟ್ಟಬೇಡಿರೆಂದಂತೆ. ಪಕ್ಕದವನಿಗೆ ಹೇಳಿಕೊಡುವುದು ಅಪರಾಧ. ಪಕ್ಕದವನನ್ನು ಮೀರಿಸುವುದು ಪುಣ್ಯ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ಜಿಲ್ಲೆ ಜಿಲ್ಲೆಗೂ ಸ್ಥಾನ ಕಟ್ಟುವ ಗದ್ದಲದಲ್ಲಿ, ಸಹಾಧ್ಯಾಯಿಯು ಪ್ರತಿಸ್ಪರ್ಧಿಯಾಗಿ ಮಾರ್ಪಟ್ಟದ್ದನ್ನು ಯಾರೂ ಗಮನಿಸುವುದಿಲ್ಲ. ಶಾಲೆಯ ಮೇಲೆ ಹೊರಿಸತಕ್ಕ ಅತ್ಯಂತ ಗುರುತರವಾದ ಆರೋಪ ಇದು. ಅದು ಬಂಧಿಸುತ್ತದೆ ಎಂಬುದಕ್ಕಿಂತಲೂ, ಕೂಡಿಸಿಯೂ ಬೇರ್ಪಡಿಸುತ್ತದೆ ಎಂಬುದು ಹೆಚ್ಚಿನ ದೋಷ.

ಸಿದ್ಧಾಂತವು ಈಗ ಕಷ್ಟವಲ್ಲ. ಮಗುವನ್ನು ಶಾಲೆಯಿಂದ ಬಿಡಿಸುವ ಯೋಚನೆಯುಳ್ಳ ಗೃಹಸ್ಥರು ನಾಲ್ಕು ಪಾದಗಳನ್ನೂ ಎಣಿಸಿ ನೋಡಬೇಕು. ಹೇಳಿಕೊಡುವವರು ಯಾರು? ದಿನದ ಹೊತ್ತು ಯಾರ ಕೈಯಲ್ಲಿದೆ? ಮಗುವಿನ ಪ್ರಶ್ನೆಗೆ ಮನೆಯಲ್ಲಿ ಮರ್ಯಾದೆಯುಂಟೆ? ಎಲ್ಲಕ್ಕಿಂತ ಮಿಗಿಲಾಗಿ, ಅದರೊಡನೆ ಓದುವ, ಅದರೊಡನೆ ಜಗಳವಾಡುವ, ಅದಕ್ಕಿಂತ ಬೇರೆ ಜಾತಿಯ, ಬೇರೆ ಅಂತಸ್ತಿನ ಮಕ್ಕಳು ಯಾರು? 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಮನೆಯಲ್ಲಿ ಓದಿದವರೂ ಪರೀಕ್ಷೆಗೆ ಕೂರಬಹುದು; ಆದುದರಿಂದ ಪ್ರಮಾಣಪತ್ರದ ಚಿಂತೆ ದೊಡ್ಡದಲ್ಲ. ಒಡನಾಡಿಗಳನ್ನು ಮಾತ್ರ ಯಾವ ಸಂಸ್ಥೆಯೂ ಅಂಚೆಯಲ್ಲಿ ಕಳುಹಿಸಲಾರದು.

ಈ ವಿಚಾರವು ಬಡವರ ಮನೆಗೆ ಹೇಗೆ ತಲುಪುತ್ತದೆ ಎಂಬುದು ಅದಕ್ಕಿಂತ ಗಂಭೀರವಾದ ಪ್ರಶ್ನೆ. ಸಿರಿವಂತರ ಮನೆಯಲ್ಲಿ ಶಾಲೆ ಬಿಟ್ಟ ಮಗುವಿಗೆ ಪುಸ್ತಕವೂ ಪ್ರಯಾಣವೂ ಕಾದಿರುತ್ತವೆ. ಕೂಲಿಯವರ ಮನೆಯಲ್ಲಿ ಶಾಲೆ ಬಿಟ್ಟ ಹುಡುಗನಿಗೆ ಕಬ್ಬಿನ ಗದ್ದೆಯೂ, ಹುಡುಗಿಗೆ ಹಸೆಮಣೆಯೂ ಕಾದಿರುತ್ತವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ರವರೆಗಿನ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಮಾಡಿದೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆಯಾದರೋ ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಲು ಮಕ್ಕಳಿಗೆ ಅವಕಾಶ ಕೊಟ್ಟಿದೆ. ಶಾಲೆಯೇ ಇಲ್ಲವಾದರೆ ಶಾಲೆ ಮುಗಿದ ಹೊತ್ತು ಯಾವುದು? ದಿನವೆಲ್ಲವೂ ಅದೇ ಆಗುತ್ತದೆ. ವಿದ್ಯಾವಂತರು ಸಭೆಯಲ್ಲಿ ಆಡುವ ಸ್ವಾತಂತ್ರ್ಯದ ಮಾತು ಗದ್ದೆಯ ಬದುವಿನಲ್ಲಿ ದಾಸ್ಯದ ನೆಪವಾಗಬಾರದು. ನೂರು ವರ್ಷಗಳ ಹಿಂದೆ ನಂಜನಗೂಡಿನ ಬಾಲಕಿಗೆ ಮುಚ್ಚಿದ್ದ ಬಾಗಿಲು ಹೊಸ ಹೆಸರಿನಲ್ಲಿ ಇನ್ನೊಬ್ಬ ಬಾಲಕಿಗೆ ಮುಚ್ಚಬಾರದು.

ಉಳಿದವರ ಕರ್ತವ್ಯವೂ ಸಣ್ಣದಲ್ಲ. ಶಾಲೆಗೆ ಮಕ್ಕಳನ್ನು ಕಳುಹಿಸುವ ಬಹುಸಂಖ್ಯಾತ ಕುಟುಂಬಗಳು, ಕಳುಹಿಸಿದೊಡನೆ ತಮ್ಮ ಹೊಣೆ ತೀರಿತೆಂದು ತಿಳಿಯಬಾರದು. ವಾರಕ್ಕೊಂದು ಸಂಜೆ ಬೀದಿಯ ಮಕ್ಕಳನ್ನು ಒಂದು ಜಗಲಿಯಲ್ಲಿ ಕೂಡಿಸಿ, ಒಬ್ಬರು ಓದಿ ಇತರರು ಕೇಳಿ, ಕೇಳಿದುದರ ಮೇಲೆ ಮಾತನಾಡುವಂತೆ ಮಾಡಿದರೆ ಸಾಕು. ದೊಡ್ಡವನು ಚಿಕ್ಕವನಿಗೆ ಹೇಳಿಕೊಡಲಿ, ಚಿಕ್ಕವನು ದೊಡ್ಡವನನ್ನು ಪ್ರಶ್ನಿಸಲಿ. ಬಡಗಿಯ ಅಂಗಡಿಯೂ ನೇಗಿಲ ಸಾಲೂ ನದಿಯ ಸೋಪಾನವೂ ಪಾಠದ ಸ್ಥಳಗಳಾಗಲಿ. ಮಗಳ ಅಂಕವನ್ನು ವಿಚಾರಿಸುವ ತಂದೆಯು, ಈ ದಿನ ಯಾರಿಂದ ಏನು ಕಲಿತೆ, ಯಾರಿಗೆ ಏನು ಹೇಳಿಕೊಟ್ಟೆ ಎಂದು ವಿಚಾರಿಸುವುದನ್ನು ಅಭ್ಯಾಸಮಾಡಿಕೊಳ್ಳಲಿ. ಇದಕ್ಕೆ ಕಾಯಿದೆಯೂ ಬೇಡ, ಅನುದಾನವೂ ಬೇಡ.

ಶಾಲೆ ಬೇಕೆ ಬೇಡವೆ ಎಂಬ ವಾದವು ಇನ್ನೂ ಬಹುಕಾಲ ನಡೆಯಬಹುದು. ಅದರ ಉಭಯಪಕ್ಷದವರೂ ಒಪ್ಪಬೇಕಾದ ಅಂಶ ಒಂದಿದೆ. ಆಚಾರ್ಯನಿಗೆ ಸಂಬಳ ಕೊಡಬಹುದು, ಬುದ್ಧಿಯನ್ನು ಹುರಿಗೊಳಿಸಬಹುದು, ಕಾಲವನ್ನು ಕಾಯಬಹುದು. ಒಡನೆ ಓದುವವನನ್ನು ಮಾತ್ರ ಸ್ನೇಹದಿಂದಲೇ ಸಂಪಾದಿಸಬೇಕು. ಅವನಿಲ್ಲದ ಶಾಲೆಯೂ ಅವನಿಲ್ಲದ ಮನೆಯೂ ಮೂರು ಕಾಲಿನ ಮಂಚದಂತೆ, ಮಲಗಿದವನನ್ನು ಒಂದಲ್ಲ ಒಂದು ದಿನ ಕೆಳಕ್ಕೆ ಕೆಡಹುವುದು ನಿಶ್ಚಯ.